ಹೆಬ್ಬೆಟ್ಟು

ದಾವಣಗೆರೆ ಆರ್‌ಟಿಓ ಕಾಂಪೌಂಡಿಗೆ ಬೆನ್ನು ಕೊಟ್ಟು
ಹೊಂಗೆಯ ನೆರಳು ಎತ್ತ ಸರಿದರೆ ಅತ್ತ
ಮಡಚುವ ಮೇಜು ಸರಿಸುತ್ತಾ
ಹನ್ನೊಂದು ವರ್ಷದಿಂದ ಫಾರಂ ತುಂಬುತ್ತೇನೆ.
ಒಂದಕ್ಕೆ ಮೂವತ್ತು ರೂಪಾಯಿ. ಗೋಂದು ಪುಕ್ಕಟೆ.

ಮೀಸೆ ಚಿಗುರದ ಹುಡುಗರು ಬರುತ್ತಾರೆ,
ಅಣ್ಣನ ಬೈಕು ಮೂಲೆಯಾಚೆ ನಿಲ್ಲಿಸಿ.
‘ಅಕ್ಕಾ, ಹದಿನೆಂಟು ಅಂತ ಬರಕೊಡ್ರೀ.’
ಮಾರ್ಕ್ಸ್‌ಕಾರ್ಡು ತೋರಿಸು ಅಂದರೆ
ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟೇ ತೋರಿಸುತ್ತಾರೆ.
ನಾನು ಬರೆಯುವುದಿಲ್ಲ.
ಯಾಕೆ ಅಂತ ಪಿ.ಬಿ. ರೋಡಿನ ಒಂದು ತಿರುವಿಗೆ ಗೊತ್ತು,
ನಮ್ಮನೆ ಬಾಗಿಲ ಹಿಂದಿನ ಮೊಳೆಗೆ ಗೊತ್ತು,
ಅದಕ್ಕೆ ನೇತುಬಿದ್ದ ಕೀಲಿಗೆ ಗೊತ್ತು.
ಇರಲಿ.

ಇವತ್ತು ಬಂದವಳು ತಸ್ಮಿಯಾ.
ಪಿಯುಸಿ ಮೊದಲ ವರ್ಷ.
ಹದಿನಾರು ತುಂಬಿ ಹತ್ತೊಂಬತ್ತು ದಿನ,
ಆ ದಿನಗಳನ್ನೂ ಅವಳೇ ಎಣಿಸಿ ಹೇಳಿದ್ದು.
ಹಿಂದೆ ತಾಯಿ ಮಾಬುನ್ನಿ,
ಸೆರಗಿನ ತುದಿಯಲ್ಲಿ ಮಂಡಕ್ಕಿ ಭಟ್ಟಿಯ ಮಸಿ.

‘ಹದಿನಾರಕ್ಕೆ ಎಲ್‌ಎಲ್ ಕೊಡ್ತಾರಮ್ಮ, ಆದ್ರೆ
ಗೇರು ಇರಬಾರ್ದು, ಐವತ್ತು ಸಿಸಿ ದಾಟಬಾರ್ದು.
ಅಂಥ ಗಾಡಿ ಈಗ ಯಾವ ಶೋರೂಮಿನಾಗೆ ಐತಿ?’
‘ನಮ್ಮನ್ಯಾಗೆ ಐತ್ರೀ. ಅಬ್ಬಾಂದು ಲೂನಾ.’
ಎಂಥ ಗತ್ತು!
ಸರಕಾರ ಆ ಕಾಯಿದೆಯನ್ನು
ಇವಳೊಬ್ಬಳಿಗೇ ಎತ್ತಿಟ್ಟಿದ್ದ ಹಾಗೆ.

ಮುಚ್ಚಿದ ಹತ್ತಿ ಮಿಲ್ಲಿನ ಬಯಲಲ್ಲಿ
ಮೂಟೆ ಕಟ್ಟಿಕೊಂಡೇ ಸುತ್ತು ಹೊಡೆದು ಕಲಿತಳಂತೆ.
‘ಮಂಡಕ್ಕಿ ಅಲ್ಲೇನ್ರೀ, ಭಾರ ಇರಂಗಿಲ್ಲ.
ಎದುರುಗಾಳಿ ಬಂತಂದ್ರ ಮಾತ್ರ
ಮೂಟೆನೇ ಗಾಡಿ ಓಡಸ್ತೈತಿ.’

ಪುಕ್ಕಟೆಯಾಗಿ ಒಂದು ಪರೀಕ್ಷೆ ನಾನೂ ಮಾಡಿದೆ.
ಕೆಂಪು ಸುತ್ತಿನೊಳಗೆ ಹಾರ್ನು, ಅಡ್ಡಗೆರೆ?
‘ಹಾರ್ನ್ ಹೊಡೀಬಾರ್ದು.’
ತ್ರಿಕೋನದೊಳಗೆ ಮಕ್ಕಳು?
‘ಮುಂದೆ ಸಾಲಿ ಐತಿ.’
ಹಳದಿ ದೀಪ?
‘ಊರಾಗೆ ಆದ್ರೆ ಜೋರು ಹೋಗೋದು.
ಕಂಪ್ಯೂಟರ್‌ನಾಗೆ ನಿಧಾನ ಅಂತ ಒತ್ತತೀನಿ.’

ಕಡೆಯ ಸಾಲು, ಪೋಷಕರ ಒಪ್ಪಿಗೆ.
ಮಾಬುನ್ನಿ ಸಹಿ ಕಲಿತವಳಲ್ಲ.
ನೀಲಿ ಪ್ಯಾಡಿಗೆ ಒತ್ತಿ ಕಾಗದಕ್ಕಿಟ್ಟಳು,
ಬರೀ ನೀಲಿ.
ಒಂದು ಗೆರೆಯೂ ಇಲ್ಲ.
ಕಾಯ್ದ ಮರಳು ಜರಡಿ ಹಿಡಿದು ಹಿಡಿದು
ಇಪ್ಪತ್ತೆರಡು ವರ್ಷದಲ್ಲಿ
ಬೆರಳು ಹೊಳೆಗಲ್ಲಿನಂತೆ ನುಣ್ಣಗಾಗಿದೆ.
ರೇಶನ್ ಅಂಗಡಿ ಮಿಷನ್ನು ತಿಂಗಳು ತಿಂಗಳೂ
ನೀನು ನೀನಲ್ಲ ಅನ್ನುತ್ತದಂತೆ.

ನನ್ನ ಬಾಟಲಿಯ ನೀರಲ್ಲಿ ತೊಳೆದೆವು.
ಸೆರಗಿಗೆ ಒರೆಸಿದೆವು. ಎಡಗೈ ನೋಡಿದೆವು. ಅದೂ ಹಾಗೇ.
ಆಗ ಕೇಳಿದಳು:
‘ಒಪ್ಪಿಗಿ ಅಂದ್ರ, ಅಕಿ ಬಿದ್ರ ನಂದು ತಪ್ಪು ಅಂತೇನು?’

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಎಲ್ಲಿ ಸೈನು ಹಾಕಲಿ, ಅಷ್ಟೇ ಕೇಳುವುದು.
ನನ್ನ ಕೈಗಂತೂ ಫಾರಮ್ಮೇ ಬಂದಿರಲಿಲ್ಲ,
ಅರ್ಧ ಲೀಟರ್ ಹಾಲು ತಾ ಅಂತ
ಕೀಲಿ ಕೊಟ್ಟಿದ್ದೆ.

‘ಹೌದು,’ ಅಂದೆ.

ಅವಳು ಮಗಳ ಹೆಲ್ಮೆಟ್ಟಿನ ಪಟ್ಟಿ ಹಿಡಿದು
ಮೂಟೆಯ ಬಾಯಿ ಬಿಗಿಯುವ ಹಾಗೆ
ಎರಡು ಸಲ ಎಳೆದು ನೋಡಿದಳು.
ಮತ್ತೆ ಒತ್ತಿದಳು, ಮೈಭಾರವೆಲ್ಲ ಬಿಟ್ಟು;
ಮೇಜಿನ ಒಂದು ಕಾಲು ಮಡಚಿಕೊಂಡಿತು.
ಅಂಚಿನಲ್ಲಿ ಎರಡು ಗೆರೆ,
ಒಂದು ಅರ್ಧ.

ಒಳಗೆ ಹೋದವರು ಇನ್ನೂ ಬಂದಿಲ್ಲ.
ಸಾಹೇಬರು ಎರಡೂವರೆ ಗೆರೆಗೆ ಏನೆನ್ನುತ್ತಾರೋ.
ನಾನಿಲ್ಲಿ ಬಿಳಿ ರಟ್ಟಿನ ಮೇಲೆ ಕೆಂಪು ಎಲ್ ಬರೆಯುತ್ತಿದ್ದೇನೆ,
ಇಪ್ಪತ್ತಕ್ಕೆ ಜೋಡಿ, ಹಿಂದೊಂದು ಮುಂದೊಂದು.
ಪಾಳಿ ಮುಗಿಸಿದ ಹೆಂಗಸು
ಗೋಡೆಗೊರಗಿ ಕಾಲು ಚಾಚಿ ಕೂತ ಹಾಗೆ
ಕಾಣುತ್ತದೆ ಈ ಅಕ್ಷರ.

ಬಿಸಿಲು ಮೊಣಕೈಗೆ ಬಂತು.
ಮೇಜು ಸರಿಸಬೇಕು.